ರ ಅಕ್ಷರದ ತಗ್ಗು

ಕೇರಳದ ಪಯ್ಯನ್ನೂರಿನ ಕಡೆ ಪಕ್ಷದ ಗೋಡೆಗೆ ಬರೆದವನ ಹೆಸರು ಹಾಕುವ ಪದ್ಧತಿ ಇಲ್ಲ. ಬೀಡಿ ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಮದುವೆ ಮಂಟಪದ ಕಮಾನು, ಇವುಗಳ ಮೂಲೆಯಲ್ಲಿ ‘ಕರುಣ್ ಆರ್ಟ್ಸ್’ ಎಂದು ಸಣ್ಣಗೆ ಬರೆದುಕೊಳ್ಳಬಹುದು. ಚುನಾವಣೆಯ ಗೋಡೆಗೆ ಮಾತ್ರ ಕೂಡದು. ಗೋಡೆ ಪಕ್ಷದ್ದು, ಅಕ್ಷರವೂ ಪಕ್ಷದ್ದು. ಮೂವತ್ತಾರು ವರ್ಷ ಕರುಣನ್ ಇದನ್ನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದ. ಹೆಸರಿಲ್ಲದಿದ್ದರೇನು, ದಾರಿಯಲ್ಲಿ ಹೋಗುವವರಿಗೆ ಒಂದು ‘ಅ’ ಸಾಕಾಗಿತ್ತು. ಮಲಯಾಳದ ಅ ಎಂದರೆ ನೋಡಲು ಕೂತ ಆನೆ. ಕರುಣನ್ ಬರೆದರೆ ಆ ಆನೆ ಸೊಂಡಿಲನ್ನು ಒಂದು ಬೆರಳಷ್ಟು ಮೇಲೆತ್ತಿರುತ್ತಿತ್ತು.

ಬೋರ್ಡಿನ ಕೆಲಸವೆಲ್ಲ ಫ್ಲೆಕ್ಸಿನವರ ಪಾಲಾಗಿ ಹತ್ತು ವರ್ಷವಾಗಿತ್ತು. ಉಳಿದದ್ದು ಚುನಾವಣೆಯ ಗೋಡೆಗಳು. ಆ ವರ್ಷ ಪಂಚಾಯತಿ ಚುನಾವಣೆ. ಪಕ್ಷದ ಲೋಕಲ್ ಕಮಿಟಿಯ ಪವಿತ್ರನ್ ಓಣಂಗೆ ಮೊದಲೇ ಮನೆಗೆ ಬಂದು, ಜಗಲಿಯಲ್ಲಿ ಕೂತು ಕಪ್ಪು ಚಹಾ ಕುಡಿದು, ನಲವತ್ತು ಗೋಡೆ ನಿಮಗೇ, ಬೇರೆ ಯಾರ ಕೈಗೂ ಬ್ರಷ್ ಕೊಡುವುದಿಲ್ಲ ಎಂದು ಹೇಳಿ ಹೋಗಿದ್ದ. ಕರುಣನ್‌ನ ಬಲ ಹೆಗಲು ಎರಡು ವರ್ಷದಿಂದ ಕೈ ಎತ್ತಿದರೆ ಕುಟುಕುತ್ತಿತ್ತು. ವೈದ್ಯರು ಇಪ್ಪತ್ತೊಂದು ದಿನದ ಎಣ್ಣೆಚಿಕಿತ್ಸೆ ಹೇಳಿದ್ದರು. ಗೋಡೆ ಮುಗಿಯಲಿ, ಆಮೇಲೆ ಮಲಗುತ್ತೇನೆ ಎಂದು ಅವನ ಹಟ; ಮಲಗಿ ಎದ್ದ ಮೇಲೆ ಗೋಡೆ ಹತ್ತಿ ಎಂದು ಹೆಂಡತಿ ಪ್ರಸೀತಳ ಹಟ. ಅವಳು ಪಂಚಾಯತಿ ಕಟ್ಟಡದ ಮುಂದಿನ ಹೆಂಗಸರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಮೂರು ವರ್ಷದಿಂದ ಮನೆ ನಡೆಯುತ್ತಿದ್ದದ್ದು ಅವಳಿಂದ ಮತ್ತು ಮಗನಿಂದ.

ಮಗ ರಿಜಿಲ್ ಬಸ್‌ಸ್ಟ್ಯಾಂಡಿನ ಹಿಂದಿನ ಫ್ಲೆಕ್ಸ್ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ್ದ. ಅಂದಿನಿಂದ ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕೂತಿಲ್ಲ. ಅಪ್ಪನಿಗೆ ಏಳೂವರೆಗೆ ಒಮ್ಮೆ, ಮಗನಿಗೆ ಎಂಟೂವರೆಗೆ ಒಮ್ಮೆ ಪ್ರಸೀತ ಮತ್ತಿಮೀನಿನ ಸಾರು ಬಿಸಿ ಮಾಡುತ್ತಿದ್ದಳು. ಕರುಣನ್ ಮಗನ ಹೆಸರು ಹಿಡಿಯುತ್ತಿರಲಿಲ್ಲ. ‘ಅಂಗಡಿಯವರು ಬಂದ್ರಾ’ ಎಂದು ಕೇಳುತ್ತಿದ್ದ, ಯಾರೋ ಬಾಡಿಗೆಗೆ ಇರುವವರ ಬಗ್ಗೆ ಕೇಳುವ ಹಾಗೆ.

ಕಿರಿಯವಳು ದಿಲ್ನ ಇಬ್ಬರ ಊಟದ ನಡುವೆ ತಟ್ಟೆ ತೊಳೆಯುತ್ತಿದ್ದಳು. ಮಲ್ಟಿಮೀಡಿಯಾ ಬಿ.ಎ.ಯ ಕೊನೆಯ ವರ್ಷ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ಯಾರಿಗೂ ಗೊತ್ತಿರಲಿಲ್ಲ. ಆ ಸಲ ವಿನ್ಯಾಸದ ಪ್ರಾಜೆಕ್ಟಿಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಬರುವಂಥ ಒಂದು ಹೊಸ ಫಾಂಟ್ ಮಾಡಬೇಕಿತ್ತು. ಕೈಬರಹದಿಂದ ಆರಂಭಿಸಬೇಕು, ಬರೆಯುವವರ ಸಂದರ್ಶನ ಬೇಕು, ಒಪ್ಪಿಗೆಪತ್ರ ಬೇಕು, ಸಂಶೋಧನಾ ವಿಧಾನದ ಅಧ್ಯಾಯ ಬೇಕು ಎಂದು ಸನೂಪ್ ಸರ್ ಹೇಳಿದ್ದರು. ಉಳಿದವರು ಅಜ್ಜಂದಿರ ಹಳೆಯ ಕಾಗದಗಳನ್ನು ಹುಡುಕಲು ಹೋದರು. ದಿಲ್ನಳಿಗೆ ಹುಡುಕುವ ಕೆಲಸವೇ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಪುಟ್ಟು-ಕಡಲೆಯ ತಿಂಡಿ ಆದ ಮೇಲೆ ಅವಳು ಚಾರ್ಟ್ ಹಾಳೆಗಳನ್ನು ನಡುಮನೆಯ ನೆಲದ ಮೇಲೆ ಹಾಸಿದಳು. ಫೋನಿನಲ್ಲಿ ಧ್ವನಿಮುದ್ರಣ ಒತ್ತಿ ಮೊದಲ ಪ್ರಶ್ನೆಯನ್ನು ಕಾಗದ ನೋಡಿಕೊಂಡು ಓದಿದಳು.

“ಈ ಕಲೆಗೆ ನಿಮಗೆ ಪ್ರೇರಣೆ ಎಲ್ಲಿಂದ ಬಂತು?”

“ಹೊಟ್ಟೆಯಿಂದ,” ಎಂದ ಕರುಣನ್.

“ಅಚ್ಛಾ,” ಎಂದು ಅವಳು ಅಪ್ಪನನ್ನು ಕರೆದಳು, “ಸರಿಯಾಗಿ ಹೇಳಿ. ಇದಕ್ಕೆ ಅಂಕ ಇದೆ.”

“ಸರಿಯಾಗೇ ಹೇಳಿದೆ ಮೋಳೇ. ನಿಮ್ಮ ಸರ್‌ಗೆ ಹೊಟ್ಟೆ ಇಲ್ವಾ?”

ಬಾಗಿಲ ಬಳಿ ಎಲೆಯಡಿಕೆ ಕುಟ್ಟುತ್ತಿದ್ದ ಅಚ್ಛಮ್ಮ, ಕರುಣನ್‌ನ ತಾಯಿ, ನಡುವೆ ಬಾಯಿ ಹಾಕಿದಳು. ಇವನು ನಾಲ್ಕನೇ ಕ್ಲಾಸಿನಲ್ಲಿ ಇದ್ದಿಲು ಹಿಡಿದು ದನದ ಕೊಟ್ಟಿಗೆಯ ಗೋಡೆಗೆ ಮೇಷ್ಟರ ಹೆಸರು ಬರೆದು ಬೆನ್ನಿಗೆ ಏಟು ತಿಂದಿದ್ದನ್ನು ಬರೆದುಕೋ, ಅದೇ ಪ್ರೇರಣೆ ಎಂದಳು. ದಿಲ್ನ ಅದನ್ನೂ ಬರೆದುಕೊಂಡಳು.

ಕರುಣನ್ ಮಂಡಿಯೂರಿ ಬರೆಯತೊಡಗಿದ. ಗೋಡೆಯ ಮೇಲೆ ಎದ್ದು ನಿಂತು ತೋಳಿನಿಂದ ಬರೆಯುವವನಿಗೆ ನೆಲದ ಮೇಲೆ ಬಗ್ಗಿ ಮಣಿಕಟ್ಟಿನಿಂದ ಬರೆಯುವುದು ಕಷ್ಟ. ಆದರೂ ಸೊಂಡಿಲೆತ್ತಿದ ಆನೆ ಬಂತು, ಮೊಣಕೈ ಮಡಿಸಿದಂಥ ನ ಬಂತು. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಅಕ್ಷರ ದಾಟಿತು. ರ ಬರೆಯುವಾಗ ಹೆಗಲು ಕುಟುಕಿತು. ಮಲಯಾಳದ ರ ಎಂದರೆ ಬಗ್ಗಿ ನಿಂತವನ ಬೆನ್ನಿನಂಥ ಒಂದೇ ಕಮಾನು. ಬ್ರಷ್ ಎತ್ತದೆ ಎಳೆಯಬೇಕು. ಕಮಾನಿನ ಬಲಗಡೆ ಬ್ರಷ್ ಒಂದು ಕ್ಷಣ ತಡೆದು, ಹೆಬ್ಬೆರಳು ಒತ್ತಿದ ಹಾಗೆ ಸಣ್ಣ ತಗ್ಗು ಬಿತ್ತು.

ಕರುಣನ್ ಅದನ್ನೇ ನೋಡುತ್ತ ಕೂತ. “ಇದು ಹಾಳಾಯ್ತು. ನಾಳೆ ಇನ್ನೊಂದು ಬರೆದುಕೊಡ್ತೀನಿ.”

“ನಾಳೆ ಬೆಳಿಗ್ಗೆ ಸ್ಕ್ಯಾನ್ ಮಾಡ್ಬೇಕು ಅಚ್ಛಾ. ಕಂಪ್ಯೂಟರಿನಲ್ಲಿ ನಾನೇ ಸರಿ ಮಾಡ್ಕೋತೀನಿ.”

“ನೀನು ಸರಿ ಮಾಡಿದ್ರೆ ಅದು ನಿನ್ನ ರ ಆಗುತ್ತೆ, ನನ್ನದಲ್ಲ,” ಎಂದು ಅವನು ನಕ್ಕ. ಹೆಗಲು ನೀವಿಕೊಳ್ಳುತ್ತ ಮುಂದಿನ ಅಕ್ಷರಕ್ಕೆ ಹೋದ.

ಸಂಜೆ ಒಪ್ಪಿಗೆಪತ್ರಕ್ಕೆ ಸಹಿ. ಪತ್ರ ಇಂಗ್ಲಿಷಿನಲ್ಲಿತ್ತು. ಅವನು ಓದಲಿಲ್ಲ, ಮಗಳು ತೋರಿಸಿದ ಗೆರೆಯ ಮೇಲೆ ಬೋರ್ಡಿಗೆ ಹಾಕುವಷ್ಟೇ ಮುತುವರ್ಜಿಯಿಂದ ಸಹಿ ಬರೆದ. ಇನ್ನೊಂದು ಹಾಳೆಯಲ್ಲಿ ಅಕ್ಷರಗಳ ಮೂಲ ಕಲಾವಿದರ ಹೆಸರು ಎಂಬ ಅಂಕಣವಿತ್ತು. ಅಲ್ಲಿ ಅವನು ಮಗಳ ಕೈ ತಡೆದ.

“ನನ್ನ ಹೆಸರು ಬೇಡ. ಇದು ಗೋಡೆಯ ಅಕ್ಷರ. ಬೋರ್ಡಿನದು ಅಲ್ಲ.”

“ಇದು ಗೋಡೆ ಅಲ್ಲ ಅಚ್ಛಾ, ಕಾಲೇಜು.”

“ಕಾಲೇಜಿನಲ್ಲಿ ಪಕ್ಷದವರು ಇಲ್ವಾ? ಇಷ್ಟು ವರ್ಷ ಹಾಕಿಲ್ಲ. ಈಗ ನಲವತ್ತು ಗೋಡೆ ಮುಂದಿಟ್ಟುಕೊಂಡು ಕರುಣನ್ ಅಕ್ಷರಕ್ಕೆಲ್ಲ ತನ್ನ ಹೆಸರು ಅಂಟಿಸ್ಕೊಂಡ ಅಂತ ಪವಿತ್ರನ್ ಕೇಳಿದ್ರೆ ಏನು ಹೇಳ್ಲಿ? ಪಕ್ಷದ್ದು ಅಂತ ಬರಿ.”

ಪಕ್ಷದ ಹೆಸರು ಪ್ರಾಜೆಕ್ಟಿನಲ್ಲಿ ಹಾಕುವಂತಿರಲಿಲ್ಲ. ದಿಲ್ನ ಪೆನ್ನಿನ ತುದಿ ಕಚ್ಚಿದಳು. ಆಮೇಲೆ ‘ಸಾಂಪ್ರದಾಯಿಕ ಗೋಡೆಬರಹ, ಕಲಾವಿದ ಅಜ್ಞಾತ’ ಎಂದು ಬರೆದಳು. ಅಜ್ಞಾತ ಕಲಾವಿದ ಎದುರಿಗೇ ಕೂತು ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುತ್ತಿದ್ದ.

ಕೃತಿಸ್ವಾಮ್ಯದ ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಕೃತಿ ಹುಟ್ಟಿದ ಕ್ಷಣದಿಂದಲೇ ಹಕ್ಕು ಮಾಡಿದವನದು, ನೋಂದಣಿ ಬೇಕೆಂದಿಲ್ಲ, ಹಕ್ಕನ್ನು ಮಾರಬಹುದು, ಬಿಟ್ಟುಕೊಡಬಹುದು. ಹತ್ತು ಅಂಕದ ಪ್ರಶ್ನೆಗೆ ಅವಳು ಒಂಬತ್ತು ತೆಗೆದಿದ್ದಳು. ಸನೂಪ್ ಸರ್ ಅವಳ ಹಾಳೆ ನೋಡಿ ಸಂತೋಷಪಟ್ಟರು. ಮೂಲ ಅಜ್ಞಾತ ಎಂದ ಮೇಲೆ ಯಾರ ತಕರಾರೂ ಇರುವುದಿಲ್ಲ, ವಿಭಾಗದ ಪುಟದಲ್ಲಿ ಹಾಕೋಣ, ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಲಿ ಎಂದು ಗುರುತು ಹಾಕು, ಹೆಚ್ಚು ಜನ ಇಳಿಸಿಕೊಂಡರೆ ಹೆಚ್ಚು ಅಂಕ ಎಂದರು. ಅವಳು ಗುರುತು ಹಾಕಿದಳು. ರ ದ ತಗ್ಗನ್ನು ಸರಿ ಮಾಡಲು ಕೂತಾಗ, ಕೈಬರಹದ ಸಹಜತೆ ಅದೇ, ಮುಟ್ಟಬೇಡ ಎಂದೂ ಅವರೇ ಹೇಳಿದರು. ಅವಳು ಮುಟ್ಟಲಿಲ್ಲ. ಫಾಂಟಿಗೆ ‘ಚುವರ್’ ಎಂದು ಹೆಸರಿಟ್ಟಳು. ಚುವರ್ ಎಂದರೆ ಗೋಡೆ.

ಮೂರು ವಾರದ ಮೇಲೆ ಒಂದು ರಾತ್ರಿ ಎಂಟೂವರೆಯ ಊಟಕ್ಕೆ ಕೂತ ರಿಜಿಲ್ ಮೀನಿನ ಮುಳ್ಳು ಬಿಡಿಸುತ್ತ ಅಂಗಡಿಯ ಸುದ್ದಿ ಹೇಳಿದ. ಯಾವುದೋ ಕಾಲೇಜಿನವರು ಒಂದು ಫಾಂಟ್ ಪುಕ್ಕಟೆ ಬಿಟ್ಟಿದ್ದಾರಂತೆ. ಥೇಟು ಕೈಯಲ್ಲಿ ಗೋಡೆಗೆ ಬರೆದ ಹಾಗೇ ಬರುತ್ತದಂತೆ. ಮಾಲೀಕ ಎರಡು ದಿನದಿಂದ ಅದನ್ನು ಬಿಟ್ಟು ಬೇರೆ ಮುಟ್ಟುತ್ತಿಲ್ಲ.

“ಅದು ನಂದು, ಏಟ್ಟಾ,” ಎಂದಳು ದಿಲ್ನ ಅಣ್ಣನಿಗೆ. ಅವಳ ಮುಖ ಕೆಂಪಾಗಿತ್ತು. ತಾನು ಮಾಡಿದ ವಸ್ತುವಿನ ಬಗ್ಗೆ ಹೊರಗಿನವರು ಮಾತಾಡಿದ್ದು ಅವಳು ಕೇಳಿದ್ದು ಅದೇ ಮೊದಲು.

ರಿಜಿಲ್‌ನ ಕೈ ತಟ್ಟೆಯಲ್ಲೇ ನಿಂತಿತು. ಅವನು ಒಳಕೋಣೆಯ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. “ಅಂದ್ರೆ ಅಚ್ಛನ ಅಕ್ಷರ. ನಂಗೆ ಆ ಆನೆ ನೋಡಿದಾಗ್ಲೇ ಅನುಮಾನ ಬಂತು. ಅಂಗಡಿಯವರೆಲ್ಲ ಬಳಸ್ತಾರೆ ಅಂತ ಅವರಿಗೆ ಗೊತ್ತಾ?”

ಅವಳು ಅವನ ಲೋಟಕ್ಕೆ ನೀರು ಹಾಕಿದಳು. ರಿಜಿಲ್ ಮತ್ತೆ ಅನ್ನ ಕಲಸಿದ, ಆದರೆ ತಿನ್ನಲಿಲ್ಲ. ತಾನು ಹಾಕದಿದ್ದರೆ ಪಕ್ಕದ ಅಂಗಡಿಯವನು ಹಾಕುತ್ತಾನೆ, ಊರಲ್ಲಿ ಒಟ್ಟು ಏಳು ಅಂಗಡಿ, ಎಲ್ಲರೂ ಇಳಿಸಿಕೊಂಡಾಗಿದೆ ಎಂದಷ್ಟೇ ಹೇಳಿ ಕೈ ತೊಳೆದ.

ಚುನಾವಣೆಯ ದಿನಾಂಕ ಬಂತು. ಗೋಡೆಗಳಿಗೆ ಸುಣ್ಣ ಬಳಿಯುವ ಹುಡುಗರ ದಂಡು ಹೊರಡುವ ಹೊತ್ತು. ಕರುಣನ್ ಗೋಡೆಗೆ ಗೆರೆ ಹಾಕುವ ನೂಲು, ನೀಲಿ ಪುಡಿ, ಚಪ್ಪಟೆ ಬ್ರಷ್‌ಗಳನ್ನು ಜಗಲಿಯಲ್ಲಿ ಜೋಡಿಸಿಟ್ಟು ನಾಲ್ಕು ದಿನ ಕಾದ. ಐದನೆಯ ದಿನ ಪವಿತ್ರನ್ ಬಂದ. ಈ ಸಲ ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ಬೈಕಿನ ಮೇಲೆ ಕೂತಿದ್ದ. ಚಹಾ ಬೇಡ, ಈಗಷ್ಟೇ ಕುಡಿದೆ ಎಂದ. ಆರು ಗೋಡೆ ಇದೆ ಎಂದ.

“ನಲವತ್ತು ಅಂದಿದ್ದೆ,” ಎಂದ ಕರುಣನ್.

“ಅಂದಿದ್ದೆ ಕರುಣೇಟ್ಟಾ. ಈಗ ಗೋಡೆಗೆ ಸುಣ್ಣ, ಒಣಗೋಕೆ ಎರಡು ದಿನ, ಮಳೆ ಬಂದ್ರೆ ಮತ್ತೆ ಮೊದಲಿಂದ. ಫ್ಲೆಕ್ಸ್ ಆದ್ರೆ ಸಂಜೆ ಹೇಳಿದ್ರೆ ಬೆಳಿಗ್ಗೆ ಕಟ್ಟಬಹುದು. ಮೊದಲೆಲ್ಲ ಕಮಿಟಿಯಲ್ಲಿ ಹಿರಿಯರು ಒಪ್ತಿರಲಿಲ್ಲ, ಅಚ್ಚಿನ ಅಕ್ಷರ ನಮ್ಮ ಪಕ್ಷದ ಮುಖ ಅಲ್ಲ ಅಂತಿದ್ರು. ಈಗ ಬಂದಿರೋ ಅಕ್ಷರ ನೋಡಿ ಅವರೇ ಒಪ್ಪಿಬಿಟ್ರು. ನಿಮ್ಮ ಕೈಯಿಂದ ಬಂದ ಹಾಗೇ ಇದೆ. ನಾನೇ ನಿಮ್ಮ ಹತ್ತಿರ ಯಾವಾಗ ಬರೆಸಿದೆ ಅಂತ ಒಂದು ಗಳಿಗೆ ಯೋಚನೆ ಮಾಡಿದೆ.”

ಪವಿತ್ರನ್ ಒಳ್ಳೆಯ ಮಾತು ಹೇಳಿದೆ ಎಂದುಕೊಂಡೇ ಹೇಳಿದ್ದ. ಕರುಣನ್ ತಲೆ ಅಲ್ಲಾಡಿಸಿದ. ಒಳಗೆ ದಿಲ್ನ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಅವಳಿಗೆ ಒಂದೊಂದು ಮಾತೂ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಕರುಣನ್ ಬಸ್‌ಸ್ಟ್ಯಾಂಡಿನ ತನಕ ನಡೆದು ಹೋದ. ಅಲ್ಲಿ ಸರಳಾ ಟೀಚರ್ ಪಕ್ಷದ ಅಭ್ಯರ್ಥಿಯೆಂದು ಸಾಲಾಗಿ ಹದಿನೈದು ಫ್ಲೆಕ್ಸ್ ಕಟ್ಟಿದ್ದರು. ಊಟದ ಹೊತ್ತಿಗೆ ಮನೆಗೆ ಬಂದವನು ಏಣಿ ಹಾಕಿ ಅಟ್ಟದಿಂದ ಚಾರ್ಟ್ ಹಾಳೆಯ ಸುರುಳಿ ಇಳಿಸಿದ. ನಡುಮನೆಯಲ್ಲಿ ಬಿಡಿಸಿ, ರ ದ ಮುಂದೆ ಕುಕ್ಕರಗಾಲಲ್ಲಿ ಕೂತ.

ಆ ದಿನ ರಿಜಿಲ್ ಕೂಡ ಮಧ್ಯಾಹ್ನ ಮನೆಗೆ ಬಂದಿದ್ದ. ಪ್ರಸೀತಳ ಕ್ಯಾಂಟೀನಿಗೆ ರಜೆ. ಮೂರು ವರ್ಷದ ಮೇಲೆ ಮನೆಮಂದಿಯೆಲ್ಲ ಊಟದ ಹೊತ್ತಿಗೆ ಒಂದೇ ಕಡೆ ಇದ್ದರು.

“ಮೋಳೇ, ಇಲ್ಲಿ ಬಾ,” ಎಂದ ಕರುಣನ್. “ಇದನ್ನು ಸರಿ ಮಾಡ್ತೀನಿ ಅಂತ ನೀನು ಅಂದಿದ್ದೆ.”

ದಿಲ್ನ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಹದಿನೈದು ಕಡೆ ನೋಡ್ದೆ. ಹದಿನೈದರಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು. ನಾನು ಹದಿನೈದು ಗೋಡೆ ಬರೆದ್ರೆ ಹದಿನೈದು ರ ಬರುತ್ತೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಸರಿಹೋಗುತ್ತೆ. ಹೆಗಲು ನೋಯ್ತಿದ್ದ ಆ ಒಂದು ಭಾನುವಾರವನ್ನೇ ತಗೊಂಡು ಊರೆಲ್ಲ ಕಟ್ಟಿದ್ದೀರಲ್ಲ.”

“ಅವಳಿಗೇನು ಗೊತ್ತು, ಬಿಡಿ,” ಎಂದಳು ಪ್ರಸೀತ. “ಓದೋ ಹುಡುಗಿ.”

“ಕಟ್ಟಿದ್ದು ಅವಳಲ್ಲ,” ಎಂದು ಕರುಣನ್ ಮೊದಲ ಸಲ ಮಗನ ಕಡೆ ತಿರುಗಿದ. “ನಿನಗೂ ಕಾಣಲಿಲ್ವಾ? ನೀನು ಮೂರು ವರ್ಷದ ಮಗುವಾಗಿದ್ದಾಗ ನನ್ನ ಬ್ರಷ್ ಹಿಡಿಸಿ ರ ತಿದ್ದಿಸಿದ್ದೆ.”

ರಿಜಿಲ್ ತಟ್ಟೆ ಬದಿಗೆ ಸರಿಸಿದ. “ಕಂಡಿತು. ಮೊದಲ ದಿನವೇ ಕಂಡಿತು. ಏನು ಮಾಡ್ಲಿ ಅಚ್ಛಾ? ಇದು ನಮ್ಮಪ್ಪನ ಅಕ್ಷರ, ಹಾಕ್ಬೇಡಿ ಅಂತ ಮಾಲೀಕರಿಗೆ ಹೇಳ್ಲಾ? ಹೆಸರು ಎಲ್ಲಿದೆ ತೋರ್ಸು ಅಂತಾರೆ. ನಿಮ್ಮ ಹೆಸರು ಎಲ್ಲೂ ಇಲ್ಲ. ಯಾವ ಗೋಡೆಯಲ್ಲೂ ಇಲ್ಲ.”

ಅಚ್ಛಮ್ಮ ಊಟ ತಣ್ಣಗಾಗುತ್ತದೆ ಎಂದಳು. ಯಾರೂ ಉಣ್ಣಲಿಲ್ಲ. ಆ ದಿನದ ಹುರಿದ ಮೀನನ್ನು ಸಂಜೆ ಪ್ರಸೀತ ಪಕ್ಕದ ಮನೆಗೆ ಕೊಟ್ಟು ಬಂದಳು.

ಸೋಮವಾರ ದಿಲ್ನ ಸನೂಪ್ ಸರ್ ಕೋಣೆಯ ಹೊರಗೆ ಮುಕ್ಕಾಲು ಗಂಟೆ ನಿಂತು, ಮೂರು ಸಲ ಹಿಂದೆ ಹೋಗಿ, ನಾಲ್ಕನೆಯ ಸಲ ಒಳಗೆ ಹೋದಳು. ಅಕ್ಷರಗಳು ತನ್ನ ತಂದೆಯವು ಎಂದಳು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಅಕ್ಷರದ ಆಕಾರಕ್ಕೆ ಹಕ್ಕು ಸಾಧಿಸುವುದು ಮೊದಲೇ ಕಷ್ಟ, ಫಾಂಟಿನ ಕಡತಕ್ಕಾದರೆ ಹಕ್ಕು ಇತ್ತು, ಅದು ನಿನ್ನದು, ಅದನ್ನು ನೀನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದೀಯ, ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಪಾಠ ಮಾಡುವ ದನಿಯಲ್ಲೇ ಹೇಳಿದರು. ಸಂದರ್ಶನ ಕೊಟ್ಟವರೆಂದು ಒಪ್ಪಿಗೆಪತ್ರದಲ್ಲಿ ತಂದೆಯ ಸಹಿಯೂ ಇತ್ತು. ಸರ್ ಅದನ್ನು ತೆಗೆದು ತೋರಿಸಿದರು. ಅಷ್ಟು ಚೆಂದದ ಸಹಿ ಆ ಕಡತದಲ್ಲಿ ಇನ್ನೊಂದಿರಲಿಲ್ಲ.

“ಹೆಸರು ಸೇರಿಸಬಹುದಾ ಸರ್?”

“ಸೇರಿಸಬಹುದು. ಆದರೆ ಮೂಲ ಅಜ್ಞಾತ ಅಂತ ಬರೆದದ್ದು ಸುಳ್ಳು ಮಾಹಿತಿ ಅಂತಾಗುತ್ತೆ. ಸಂಶೋಧನಾ ವಿಧಾನದ ಅಂಕ ಹೋಗುತ್ತೆ. ಯೋಚನೆ ಮಾಡು.”

“ಸೇರಿಸಿ ಸರ್,” ಎಂದಳು ದಿಲ್ನ. ಅವಳು ಸರ್ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಆ ಮೂರು ವರ್ಷದಲ್ಲಿ ಅದೊಂದೇ ಸಲ.

ಗುರುವಾರ ವಿಭಾಗದ ಪುಟದಲ್ಲಿ ಹೆಸರು ಬಂತು. ಪ್ರಾಜೆಕ್ಟಿಗೆ ಮೊದಲು ಬಂದಿದ್ದ ಅತಿ ಹೆಚ್ಚಿನ ಅಂಕ ಇಳಿದು ಪಾಸಿನ ಗಡಿಯಲ್ಲಿ ನಿಂತಿತು. ರಿಜಿಲ್ ಸಂಜೆ ಬಂದು, ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಅದರ ಹೆಸರು ಚುವರ್ ಅಲ್ಲ, ಮಾಲೀಕರು ‘ಇಲೆಕ್ಷನ್ ದಪ್ಪ’ ಅಂತ ಬದಲಿಸಿಕೊಂಡಿದ್ದಾರೆ, ನಿಮ್ಮ ಕಾಲೇಜಿನ ಪುಟವನ್ನು ಯಾರೂ ಇನ್ನೊಮ್ಮೆ ತೆರೆದು ನೋಡುವುದಿಲ್ಲ ಎಂದ. ಅವನು ಚುಚ್ಚಲು ಹೇಳಿದ್ದಲ್ಲ. ಇದ್ದದ್ದು ಹೇಳಿದ.

ಆದರೂ ದಿಲ್ನ ಅಪ್ಪನಿಗೆ ತೋರಿಸಿದಳು. ಅವನು ಜಗಲಿಯಲ್ಲಿ ಕೂತಿದ್ದ. ಆರು ಗೋಡೆಗಳಲ್ಲಿ ಎರಡು ಬರೆದು, ಹೆಗಲು ಏಳದೆ, ಉಳಿದ ನಾಲ್ಕನ್ನು ಬೇಡವೆಂದು ಹೇಳಿ ಕಳಿಸಿದ್ದ. ಅವಳು ಫೋನನ್ನು ಮುಂದೆ ಹಿಡಿದಳು. ಪರದೆಯ ಮೇಲೆ ಅವನದೇ ಅಕ್ಷರಗಳಲ್ಲಿ ‘ಮೂಲ ಕಲಾವಿದ: ಕರುಣನ್’ ಎಂದಿತ್ತು. ಹೆಸರಿನ ನಡುವೆ ರ ಇತ್ತು. ರ ದ ಬಲಗಡೆ ತಗ್ಗು ಇತ್ತು.

ಕರುಣನ್ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

“ತೆಗೆಸು,” ಎಂದ.

“ಅಚ್ಛಾ, ಇದಕ್ಕೋಸ್ಕರ ನನ್ನ ಅಂಕ...”

“ಗೊತ್ತು ಮೋಳೇ. ತೆಗೆಸು. ಇಷ್ಟು ದಿನ ಇದು ಯಾರದೋ ಕೆಟ್ಟ ರ. ಹೆಸರು ಹಾಕಿದ್ರೆ ನಂದಾಗುತ್ತೆ. ನಾಳೆ ಚಹಾದಂಗಡಿಯಲ್ಲಿ ಕೂತವರು, ಕರುಣನ್‌ಗೆ ಕೈ ನಡುಗೋಕೆ ಶುರುವಾಗಿದೆ, ನೋಡಿ ಅಂತ ಬೆರಳು ತೋರಿಸ್ತಾರೆ. ನಾನು ಬಿಟ್ಟು ಹೋಗೋದು ಅದೊಂದೇ ಅಕ್ಷರಾನಾ?”

“ಇನ್ನೊಂದು ರ ಬರೆದುಕೊಡಿ. ನಾನು ಬದಲಾಯಿಸ್ತೀನಿ.”

ಅವನು ಬಲಗೈಯನ್ನು ತೊಡೆಯಿಂದ ಎತ್ತಿದ. ಎದೆಯ ಮಟ್ಟಕ್ಕೆ ಬಂದು ಅದು ನಿಂತಿತು. ಎಡಗೈಯಲ್ಲಿ ಅದನ್ನು ಹಿಡಿದು ಮತ್ತೆ ತೊಡೆಯ ಮೇಲೆ ಇಳಿಸಿಕೊಂಡ.

ದಿಲ್ನ ಶುಕ್ರವಾರ ಮತ್ತೆ ಕಾಲೇಜಿಗೆ ಹೋಗಿ, ಅದೇ ಅಂಕಣದ ಹೊಸ ಹಾಳೆ ತೆಗೆದುಕೊಂಡು, ಕಲಾವಿದ ಅಜ್ಞಾತ ಎಂದು ಎರಡನೆಯ ಸಲ ಬರೆದುಕೊಟ್ಟಳು. ಸನೂಪ್ ಸರ್ ಅದನ್ನು ಕಡತಕ್ಕೆ ಸೇರಿಸಿದರು. ಹೋದ ಅಂಕ ವಾಪಸು ಬರಲಿಲ್ಲ.

ಸರಳಾ ಟೀಚರ್ ಗೆದ್ದರು. ಮೆರವಣಿಗೆ ಮನೆಯ ಮುಂದೆಯೇ ಹೋಯಿತು. ಪವಿತ್ರನ್ ಜಗಲಿಯ ಕಡೆ ಕೈ ಬೀಸಿ, ಲಾಡುವಿನ ಪೊಟ್ಟಣ ಕಳಿಸಿದ. ಅಚ್ಛಮ್ಮ ಒಬ್ಬಳೇ ತಿಂದಳು. ವಾರದ ಮೇಲೆ ಊರಿನ ಫ್ಲೆಕ್ಸೆಲ್ಲ ಬಿಚ್ಚುವಾಗ ರಿಜಿಲ್ ಒಂದು ದೊಡ್ಡದನ್ನು ಮಡಿಸಿ ಮನೆಗೆ ತಂದ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಕಲ್ಲಿನ ಮೇಲಿನ ಮಾಡು ಸೋರುತ್ತಿತ್ತು, ಪ್ರಸೀತ ಎರಡು ಮಳೆಗಾಲದಿಂದ ಹೇಳುತ್ತಲೇ ಇದ್ದಳು. ಅವನು ಏಣಿ ಹತ್ತಿ ನಾಲ್ಕು ಮೂಲೆಗೆ ಹಗ್ಗ ಬಿಗಿದ. ಕರುಣನ್ ಕೆಳಗೆ ಏಣಿ ಹಿಡಿದು ನಿಂತ.

“ಅಕ್ಷರ ಮೇಲಕ್ಕಾ, ಒಳಕ್ಕಾ?” ಎಂದು ಮೇಲಿನಿಂದ ರಿಜಿಲ್ ಕೇಳಿದ. ಮೂರು ವರ್ಷದಲ್ಲಿ ಅವನು ಅಪ್ಪನನ್ನು ಕೆಲಸದ ವಿಷಯ ಕೇಳಿದ್ದು ಅದೇ ಮೊದಲು.

“ಒಳಕ್ಕೆ ಹಾಕು,” ಎಂದ ಕರುಣನ್. “ದಾರಿಯಲ್ಲಿ ಹೋಗೋರಿಗೆ ಕಾಣೋದು ಬೇಡ.”

ಅಂದಿನಿಂದ ಅಪ್ಪ ಮಗ ಎಂಟು ಗಂಟೆಗೆ ಒಟ್ಟಿಗೇ ಊಟಕ್ಕೆ ಕೂರುತ್ತಾರೆ. ಹೆಚ್ಚು ಮಾತಿಲ್ಲ. ಅವರು ಎದ್ದ ಮೇಲೆ ದಿಲ್ನ ತಟ್ಟೆಗಳನ್ನು ಹಿತ್ತಿಲಿಗೆ ಒಯ್ದು, ಬಲ್ಬಿನ ಬೆಳಕಿನಲ್ಲಿ ಕಲ್ಲಿನ ಮುಂದೆ ಕೂತು ತೊಳೆಯುತ್ತಾಳೆ. ತಲೆ ಎತ್ತಿದರೆ ಒಂದು ಮೊಳ ಮೇಲೆ ರ ಇರುತ್ತದೆ. ಅವಳು ತಲೆ ಎತ್ತುವುದಿಲ್ಲ.